ಬಸ್ಸು ಆಗಿಬರದ ಮಕ್ಕಳು

ಶೇಂಗಾ ಕಿತ್ತು, ಬಿಡಿಸಿ, ಮೂಟೆಗಳು ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯ ಮಾರುಕಟ್ಟೆ ಸೇರುವ ಹೊತ್ತಿಗೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಜೋಗವೋ, ಧರ್ಮಸ್ಥಳವೋ, ಮೈಸೂರೋ ಎಂದು ಮಕ್ಕಳಲ್ಲಿ ವಾದ ನಡೆಯುತ್ತದೆ. ಹೆಸರು ಬರೆದುಕೊಳ್ಳುವ ದಿನ ಮಾತ್ರ ಪ್ರತಿ ತರಗತಿಯಲ್ಲೂ ಇಬ್ಬರೋ ಮೂವರೋ ತಲೆ ತಗ್ಗಿಸಿ ಕೂರುತ್ತಾರೆ. ಕೆಲವರಿಗೆ ಹಣದ ಅಡಚಣೆ. ಅದಕ್ಕೆ ಶಾಲೆಯವರೋ ಊರಿನವರೋ ಏನಾದರೊಂದು ದಾರಿ ಹುಡುಕುವುದುಂಟು. ಆದರೆ ಹಣ ಕೊಡಲು ಅಪ್ಪ ಸಿದ್ಧನಿದ್ದರೂ ಹೆಸರು ಕೊಡದ ಮಕ್ಕಳಿರುತ್ತಾರೆ. ಹತ್ತಿರ ಕರೆದು ಕೇಳಿದರೆ ಮೆಲ್ಲಗೆ ಒಂದು ಮಾತು ಹೊರಬರುತ್ತದೆ: 'ನಂಗೆ ಬಸ್ಸು ಆಗಿಬರಲ್ಲ ಟೀಚರ್.'

ಬಸ್ಸು ಆಗಿಬರುವುದಿಲ್ಲ ಎಂದರೆ ವಾಂತಿಯಾಗುತ್ತದೆ ಎಂದರ್ಥ. ಅಷ್ಟನ್ನು ಬಾಯಿಬಿಟ್ಟು ಹೇಳಲೂ ಮಕ್ಕಳಿಗೆ ನಾಚಿಕೆ. ಜ್ವರ ಬಂದಾಗ ಹಣೆ ಮುಟ್ಟಿ ನೋಡುವ ಮನೆಯವರೇ ಬಸ್ಸಿನಲ್ಲಿ ವಾಂತಿಯಾದರೆ ಸಿಡುಕುತ್ತಾರೆ. 'ಹೊರಡುವಾಗ ಅಷ್ಟೊಂದು ತಿನ್ನಬೇಡ ಅಂದಿರಲಿಲ್ಲವೇ?' ಎಂಬ ಬೈಗುಳ ಎಲ್ಲರೆದುರು ಬೀಳುತ್ತದೆ. ಪಕ್ಕದ ಸೀಟಿನವರು ಸೀರೆಯ ಸೆರಗು ಎಳೆದುಕೊಳ್ಳುತ್ತಾರೆ. ಮಗು ತನ್ನಲ್ಲೇ ಏನೋ ದೋಷವಿದೆ ಎಂದು ನಂಬಿಬಿಡುತ್ತದೆ.

ವಿಜ್ಞಾನ ಹೇಳುವುದು ಇದಕ್ಕೆ ತೀರಾ ವಿರುದ್ಧವಾದ ಮಾತು. ಇಂಗ್ಲಿಷಿನಲ್ಲಿ ಮೋಷನ್ ಸಿಕ್‌ನೆಸ್ ಎನ್ನುವ ಈ ಪ್ರಯಾಣದ ವಾಂತಿ ರೋಗವಲ್ಲ, ಅಳ್ಳೆದೆಯೂ ಅಲ್ಲ. ಒಳಕಿವಿ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಮಾತ್ರ ಇದು ಬರುತ್ತದೆ. ಅಡುಗೆಮನೆಯ ಶುಂಠಿ, ನಿಂಬೆಹಣ್ಣು ಇದಕ್ಕೆ ನೆರವಾಗಬಲ್ಲವು. ಆದರೆ ಅವಕ್ಕಿಂತ ಮುಂಚೆ ಕೊಡಬೇಕಾದ ಮದ್ದು ಬಸ್ಸಿನ ಒಳಗೇ ಇದೆ. ಅದು ಸರಿಯಾದ ಸೀಟು. ಅದರ ಜೊತೆಗೆ, ಖರ್ಚಿಲ್ಲದೆ ಕೊಡಬಹುದಾದ ಒಂದು ಧೈರ್ಯದ ಮಾತು.

ಬ್ರಹ್ಮಗಿರಿಯ ಬುಡದಲ್ಲಿ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ಇರುವ ಬ್ರಹ್ಮಗಿರಿಗೆ ಹೊರಗಿನ ಶಾಲೆಗಳ ಪ್ರವಾಸದ ಬಸ್ಸುಗಳು ಬರುತ್ತವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿ, ಸಿದ್ದಾಪುರದಲ್ಲಿ ಮತ್ತು ಎದುರಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಶಾಸನವು ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ. ಆಜ್ಞೆ ಹೇಳುವ ಮೊದಲು ಅದು ಅವರ ಆರೋಗ್ಯ ವಿಚಾರಿಸುತ್ತದೆ. ಮೊದಲ ಭಾಗದ ಕೊನೆಯಲ್ಲಿ 256 ಎಂಬ ಅಂಕಿಯಿದೆ. ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವದು ಎಂದು ಹಲವು ವಿದ್ವಾಂಸರು ಅರ್ಥ ಮಾಡಿದ್ದಾರೆ.

ಇಂಥ ಪ್ರಯಾಣಿಕನ ಬಂಡೆಯ ಹತ್ತಿರವೇ ಇದ್ದೂ ಎಲ್ಲಿಗೂ ಪ್ರಯಾಣ ಹೋಗದ ಮಕ್ಕಳಿದ್ದಾರೆ. ಎಂಟನೇ ತರಗತಿಯ ಒಬ್ಬ ಹುಡುಗಿ ಅಂಥವಳು. ಬಂಡೆಗಳ ಮೇಲೆ ಬರಿಗಾಲಲ್ಲಿ ಓಡುತ್ತಾಳೆ. ಅಪ್ಪನ ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಹೋದರೆ ಗಾಡಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಹಾಡುತ್ತಾ ಕೂರುತ್ತಾಳೆ. ಆದರೆ ಒಮ್ಮೆ ಮದುವೆಗೆಂದು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋಗುವಾಗ ಅತ್ತೆಯ ಹೊಸ ಮೊಳಕಾಲ್ಮೂರು ರೇಷ್ಮೆ ಸೀರೆಯ ಮೇಲೆ ವಾಂತಿ ಮಾಡಿಕೊಂಡಳು. ಅತ್ತೆ ಮರೆತರೂ ಅತ್ತೆಯ ಮಕ್ಕಳು ಮರೆಯಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ಸೀರೆಯ ಕತೆ ಎತ್ತಿ ನಕ್ಕರು. ಆಮೇಲೆ ಎರಡು ವರ್ಷ ಪ್ರವಾಸದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಹೊಲದಲ್ಲಿ ಕೆಲಸವಿದೆ ಎಂಬ ನೆಪ ಹೇಳಿದಳು. ಸಮುದ್ರ ಹೇಗಿರುತ್ತದೆ ಎಂಬುದನ್ನು ಗೆಳತಿಯರ ಬಾಯಿಂದ ಕೇಳಿ ತಿಳಿದಳು.

ಗಾಡಿಯಲ್ಲಿ ಆಗದ ವಾಂತಿ ಬಸ್ಸಿನಲ್ಲಿ ಏಕೆ ಆಗುತ್ತದೆ? ಗಾಡಿಯ ಕುಲುಕಾಟವೇನು ಕಡಿಮೆಯೇ? ಈ ಪ್ರಶ್ನೆಯ ಹಿಂದೆ ಹೋದರೆ ಇಡೀ ವಿಷಯ ಬಿಚ್ಚಿಕೊಳ್ಳುತ್ತದೆ.

ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು

ಕಿವಿ ಇರುವುದು ಕೇಳುವುದಕ್ಕೆ ಮಾತ್ರವಲ್ಲ. ಒಳಕಿವಿಯಲ್ಲಿ ಶಂಖದಾಕಾರದ ಶ್ರವಣ ಭಾಗದ ಪಕ್ಕದಲ್ಲೇ ಮೂರು ಅರ್ಧವೃತ್ತ ನಾಳಗಳಿವೆ. ಇವು ಒಂದಕ್ಕೊಂದು ಸುಮಾರಾಗಿ ಲಂಬವಾಗಿ ನಿಂತಿವೆ. ಒಳಗೆ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ. ಅದರ ಒತ್ತಡಕ್ಕೆ ನಾಳದ ಬುಡದ ಸೂಕ್ಷ್ಮ ರೋಮಕೋಶಗಳು ಬಾಗಿ ಮಿದುಳಿಗೆ ಸುದ್ದಿ ಕಳಿಸುತ್ತವೆ. ನಾಳಗಳ ಜೊತೆಗೆ ಎರಡು ಪುಟ್ಟ ಚೀಲಗಳೂ ಇವೆ. ಅವುಗಳೊಳಗೆ ರೋಮಕೋಶಗಳ ಮೇಲಿರುವ ಅಂಟು ಪೊರೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಕೂತಿವೆ. ಬಸ್ಸು ಹೊರಟಾಗ, ಬ್ರೇಕು ಹಾಕಿದಾಗ, ಏರಿ ಇಳಿದಾಗ ಅವು ಸರಿದು ಸುದ್ದಿ ಮುಟ್ಟಿಸುತ್ತವೆ.

ದ್ರವ ಹಿಂದೆ ಉಳಿಯುವುದೆಂದರೇನು ಎಂಬುದನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಒಂದು ಬಟ್ಟಲಲ್ಲಿ ನೀರು ತುಂಬಿ ಮೇಲೆ ಚಿಟಿಕೆ ಅರಿಶಿನ ಉದುರಿಸಬೇಕು. ಬಟ್ಟಲನ್ನು ಥಟ್ಟನೆ ತಿರುಗಿಸಿದರೆ ಬಟ್ಟಲು ಸುತ್ತುತ್ತದೆ, ಅರಿಶಿನ ಇದ್ದಲ್ಲೇ ಇರುತ್ತದೆ. ತಿರುಗಿಸುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ನೀರೂ ಸುತ್ತತೊಡಗುತ್ತದೆ. ಆಗ ಬಟ್ಟಲನ್ನು ನಿಲ್ಲಿಸಿದರೆ ಬಟ್ಟಲು ನಿಂತರೂ ನೀರು ನಿಲ್ಲುವುದಿಲ್ಲ. ಅಂಗಳದಲ್ಲಿ ಕೈ ಕೈ ಹಿಡಿದು ಗಿರಗಿರನೆ ಸುತ್ತಿ ನಿಂತಾಗ ಮನೆ, ಮರ ಎಲ್ಲ ತಿರುಗಿದಂತೆ ಕಾಣುವುದು ಇದೇ ಕಾರಣಕ್ಕೆ.

ಈಗ ಬಸ್ಸಿನ ಒಳಗಿನ ಮಗುವನ್ನು ನೋಡಿ. ಹಿಂದಿನ ಸಾಲಿನಲ್ಲಿ ಕೂತಿದೆ. ಎತ್ತರ ಸಾಲದು, ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ. ಅದು ಅಲುಗದೆ ನಿಂತಿದೆ. 'ಏನೂ ಚಲಿಸುತ್ತಿಲ್ಲ' ಎಂದು ಕಣ್ಣು ಹೇಳುತ್ತದೆ. 'ಎಡಕ್ಕೆ ವಾಲಿದೆ, ಬಲಕ್ಕೆ ತಿರುಗಿದೆ, ಕೆಳಗೆ ಇಳಿಯುತ್ತಿದೆ' ಎಂದು ಕಿವಿ ಹೇಳುತ್ತದೆ. ಎರಡು ಸಾಕ್ಷಿಗಳ ಮಾತು ಹೊಂದುವುದಿಲ್ಲ. ಮಿದುಳು ತನ್ನ ಹಿಂದಿನ ಅನುಭವದಿಂದ ನಿರೀಕ್ಷಿಸಿದ್ದಕ್ಕೂ ಇವು ತಾಳೆಯಾಗುವುದಿಲ್ಲ. ಈ ಗೊಂದಲವೇ ಪ್ರಯಾಣದ ವಾಂತಿಯ ಮೂಲ ಎಂಬ ವಿವರಣೆಯನ್ನು ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ 1975ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಮಂಡಿಸಿದರು. ಇಂದಿಗೂ ಹೆಚ್ಚಿನವರು ಒಪ್ಪುವ ವಿವರಣೆ ಇದೇ.

ಒಳಕಿವಿಯೇ ಇದರ ಕೇಂದ್ರ ಎಂಬುದಕ್ಕೆ ಒಂದು ಸ್ವಾರಸ್ಯಕರ ಪುರಾವೆಯಿದೆ. ಮನುಷ್ಯ ಬಾಹ್ಯಾಕಾಶಕ್ಕೆ ಹೋಗುವ ಮುನ್ನ, 1950ರ ದಶಕದ ಕೊನೆಯಲ್ಲಿ, ಅಮೆರಿಕದ ನೌಕಾಪಡೆ ಮತ್ತು ನಾಸಾ ಗ್ಯಾಲೊಡೆಟ್ ಕಾಲೇಜಿನಿಂದ ಹನ್ನೊಂದು ಮಂದಿ ಕಿವುಡರನ್ನು ಪ್ರಯೋಗಗಳಿಗೆ ಆರಿಸಿಕೊಂಡವು. ಅವರಲ್ಲಿ ಬಹುತೇಕ ಎಲ್ಲರ ಒಳಕಿವಿಯ ಸಮತೋಲನ ಭಾಗ ಬಾಲ್ಯದ ಮಿದುಳುಪೊರೆ ಜ್ವರದಿಂದ ಕೆಟ್ಟಿತ್ತು. ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯ ಅಬ್ಬರದ ಕಡಲಲ್ಲಿ ಅವರನ್ನು ಹಡಗಿನಲ್ಲಿ ಕರೆದೊಯ್ದಾಗ ಅವರು ನಿಶ್ಚಿಂತೆಯಿಂದ ಇಸ್ಪೀಟು ಆಡುತ್ತಿದ್ದರು. ಪ್ರಯೋಗ ನಡೆಸಬೇಕಾದ ಸಂಶೋಧಕರೇ ವಾಂತಿಯಿಂದ ಹಾಸಿಗೆ ಹಿಡಿದು ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಿಗೆ ಇದನ್ನು ಹೇಳಬೇಕು: ನಿನ್ನ ಕಿವಿ ಕೆಟ್ಟಿಲ್ಲ, ಚುರುಕಾಗಿದೆ.

ಕಣ್ಣು ಕಿವಿಗಳ ಜಗಳಕ್ಕೆ ಹೊಟ್ಟೆಯೇಕೆ ದಂಡ ತೆರಬೇಕು? 1977ರಲ್ಲಿ ಮೈಕೆಲ್ ಟ್ರೀಸ್ಮನ್ ಒಂದು ಊಹೆ ಮುಂದಿಟ್ಟರು. ಅನೇಕ ವಿಷಪದಾರ್ಥಗಳು ದೇಹ ಸೇರಿದಾಗ ತಲೆ ಸುತ್ತುತ್ತದೆ, ನೋಟ ಹದ ತಪ್ಪುತ್ತದೆ. ಆದಿಮಾನವನ ಮಿದುಳು ಇಂಥ ಗೊಂದಲ ಕಂಡೊಡನೆ 'ವಿಷ ತಿಂದಿದ್ದೀ, ಹೊರಹಾಕು' ಎಂದು ಹೊಟ್ಟೆಗೆ ಆಜ್ಞೆ ಕೊಡುವುದನ್ನು ಕಲಿತಿರಬೇಕು. ಬಸ್ಸು ಬಂದು ಒಂದು ಶತಮಾನವಷ್ಟೇ ಆಯಿತು; ಮಿದುಳು ತನ್ನ ಹಳೆಯ ಪಾಠವನ್ನೇ ಒಪ್ಪಿಸುತ್ತಿದೆ. ಇದು ಊಹೆಯೇ ಆದರೂ ಮಗುವಿನ ಹೊಟ್ಟೆಬಾಕತನವನ್ನು ದೂರುವುದಕ್ಕಿಂತ ಹೆಚ್ಚು ಅರ್ಥಪೂರ್ಣ.

ಗಾಡಿಗೂ ಬಸ್ಸಿಗೂ ಇರುವ ಅಂತರ

ಎತ್ತಿನ ಗಾಡಿಯ ಪ್ರಶ್ನೆಗೆ ಬರೋಣ. ಎಲ್ಲ ಕುಲುಕಾಟವೂ ಒಂದೇ ಅಲ್ಲ. ಐದು ಸೆಕೆಂಡಿಗೆ ಒಂದು ಸಲದಂತೆ, ಅಂದರೆ ಸುಮಾರು 0.2 ಹರ್ಟ್ಸ್ ವೇಗದಲ್ಲಿ, ನಿಧಾನವಾಗಿ ತೂಗುವ ಚಲನೆಯೇ ಹೊಟ್ಟೆಯನ್ನು ಅತಿ ಹೆಚ್ಚು ತೊಳಸುತ್ತದೆ ಎಂದು 1970ರ ದಶಕದ ಪ್ರಯೋಗಗಳು ತೋರಿಸಿದವು. ಕಡಲ ಅಲೆಯ ಮೇಲಿನ ಹಡಗಿನ ತೂಗಾಟ ಇಂಥದು. ವಾಕರಿಕೆಗೆ ಇಂಗ್ಲಿಷಿನಲ್ಲಿರುವ 'ನಾಸಿಯಾ' ಎಂಬ ಪದ ಹುಟ್ಟಿದ್ದೇ ಹಡಗಿಗೆ ಗ್ರೀಕರು ಬಳಸುತ್ತಿದ್ದ 'ನೌಸ್' ಎಂಬ ಪದದಿಂದ. ಗಾಡಿಯ ಗಡಗಡ ಇದಕ್ಕಿಂತ ಎಷ್ಟೋ ವೇಗದ್ದು. ಅದರಿಂದ ಸೊಂಟ ನೋಯಬಹುದು, ಹೊಟ್ಟೆ ತೊಳಸುವುದು ಅಪರೂಪ. ಜೊತೆಗೆ ಗಾಡಿಯಲ್ಲಿ ಕೂತ ಮಗುವಿಗೆ ಸುತ್ತಲಿನ ಹೊಲ, ಬೆಟ್ಟ, ಆಕಾಶ ಎಲ್ಲ ಕಾಣುತ್ತವೆ. ಕಣ್ಣು ಕಿವಿಗಳಿಗೆ ಜಗಳವಿಲ್ಲ.

ಚಳ್ಳಕೆರೆ ಸೀಮೆಯ ಬಯಲಿನ ನೇರ ರಸ್ತೆಯಲ್ಲಿ ಬಸ್ಸಿನ ತೊಂದರೆ ಅಷ್ಟಾಗಿ ತಿಳಿಯದು. ಮಕ್ಕಳು ನಿಜವಾಗಿ ಸೋಲುವುದು ಪ್ರವಾಸದ ಬಸ್ಸು ಮಲೆನಾಡು ದಾಟಿ ಘಾಟಿ ಇಳಿಯುವಾಗ. ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು; ಚಾರ್ಮಾಡಿಯಲ್ಲೂ ಸುತ್ತು ಬಳಸಿನ ಹಾದಿ. ಪ್ರತಿ ತಿರುವಿನಲ್ಲೂ ಬಸ್ಸು ನಿಧಾನವಾಗಿ ಒಂದು ಕಡೆ ವಾಲಿ ಮತ್ತೊಂದು ಕಡೆ ಹೊರಳುತ್ತದೆ. ಒಳಕಿವಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ವಯಸ್ಸಿಗೂ ಇದಕ್ಕೂ ನಂಟಿದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಬಲು ಅಪರೂಪ. ಆರೇಳು ವರ್ಷದಿಂದ ಹನ್ನೆರಡರವರೆಗೆ ಇದರ ಕಾಟ ಹೆಚ್ಚು. ಆಮೇಲೆ ಬಹುಪಾಲು ಮಕ್ಕಳಲ್ಲಿ ತಾನಾಗಿ ಇಳಿಯುತ್ತ ಹೋಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಅರೆತಲೆನೋವಿನವರಲ್ಲಿ ಇದು ಜಾಸ್ತಿ. ಅಂದರೆ ಶಾಲಾ ಪ್ರವಾಸದ ವಯಸ್ಸು ಮತ್ತು ವಾಂತಿಯ ವಯಸ್ಸು ಎರಡೂ ಒಂದರ ಮೇಲೊಂದು ಬಂದು ಕೂತಿವೆ.

ಮೊದಲ ಮದ್ದು: ಸೀಟು

ಬಸ್ಸಿನಲ್ಲಿ ಎಲ್ಲರಿಗೂ ವಾಂತಿಯಾದರೂ ಒಬ್ಬರಿಗೆ ಆಗುವುದಿಲ್ಲ. ಅವರು ಚಾಲಕರು. ಮುಂದಿನ ತಿರುವು ಅವರಿಗೆ ಮೊದಲೇ ಕಾಣುತ್ತದೆ, ಸ್ಟೇರಿಂಗ್ ಅವರ ಕೈಯಲ್ಲೇ ಇದೆ. ಮಿದುಳು ನಿರೀಕ್ಷಿಸಿದ್ದೇ ನಡೆಯುತ್ತದೆ. 1991ರಲ್ಲಿ ರೋಲ್ನಿಕ್ ಮತ್ತು ಲುಬೊ ಎಂಬ ಸಂಶೋಧಕರು ಒಂದೇ ಚಲನೆಗೆ ಒಳಗಾದ ಇಬ್ಬರಲ್ಲಿ ನಿಯಂತ್ರಣ ಕೈಯಲ್ಲಿದ್ದವನಿಗೆ ತೊಂದರೆ ಕಡಿಮೆ ಎಂದು ಪರೀಕ್ಷಿಸಿ ತೋರಿಸಿದರು. ಆದ್ದರಿಂದ ವಾಂತಿಯ ಮಗುವನ್ನು ಆದಷ್ಟು ಚಾಲಕರ ಸ್ಥಿತಿಗೆ ಹತ್ತಿರ ತರುವುದೇ ಉಪಾಯ.

ಬಸ್ಸಿನ ಮುಂದಿನ ಎರಡು ಮೂರು ಸಾಲುಗಳಲ್ಲಿ, ಮುಂಗಾಜಿನ ಮೂಲಕ ರಸ್ತೆ ಕಾಣುವ ಕಡೆ ಕೂರಿಸಬೇಕು. ಹಿಂದಿನ ಚಕ್ರದ ಆಚೆಗಿನ ಸಾಲುಗಳು ಅತಿ ಹೆಚ್ಚು ಎದ್ದು ಬೀಳುತ್ತವೆ. ಅವು ಬೇಡವೇ ಬೇಡ. ಸಣ್ಣ ಮಗುವಾದರೆ ಕೆಳಗೆ ಮಡಿಸಿದ ಕಂಬಳಿ ಇಟ್ಟು ರಸ್ತೆ ಕಾಣುವಷ್ಟು ಎತ್ತರಿಸಬೇಕು. ಪಕ್ಕದಲ್ಲಿ ಓಡುವ ಮರ, ಕಂಬಗಳನ್ನು ನೋಡಬಾರದು. ದೂರದ ಬೆಟ್ಟವನ್ನೋ ರಸ್ತೆಯ ತುದಿಯನ್ನೋ ನೋಡಬೇಕು. ಪುಸ್ತಕ, ಮೊಬೈಲು ಬ್ಯಾಗಿನಲ್ಲಿರಲಿ. ಅಲುಗದ ಪುಟಕ್ಕೆ ಕಣ್ಣು ನೆಟ್ಟರೆ ಜಗಳ ಶುರುವಾದಂತೆಯೇ. ಕತ್ತಲಾಗಿ ದೂರ ಕಾಣದಿದ್ದರೆ ಕಣ್ಣು ಮುಚ್ಚಿ ತಲೆಯನ್ನು ಸೀಟಿಗೆ ಒರಗಿಸಿ ಮಲಗುವುದು ಒಳ್ಳೆಯದು. ಒಬ್ಬ ಸಾಕ್ಷಿ ಬಾಯಿ ಮುಚ್ಚಿದರೆ ಅಷ್ಟರಮಟ್ಟಿಗೆ ವಾದ ನಿಂತಂತೆ.

ತಿರುವಿನಲ್ಲಿ ಪ್ರಯಾಣಿಕರ ತಲೆ ಹೊರಗಿನ ಕಡೆಗೆ ವಾಲುತ್ತದೆ. ಚಾಲಕರ ತಲೆ ತಮಗರಿವಿಲ್ಲದೆ ತಿರುವಿನ ಒಳಗಡೆಗೆ ವಾಲುತ್ತದೆ. ಪ್ರಯಾಣಿಕರೂ ಚಾಲಕರಂತೆಯೇ ತಲೆ ವಾಲಿಸಿದಾಗ ತೊಂದರೆ ತಗ್ಗಿತೆಂದು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಘಾಟಿಯಲ್ಲಿ ಮಕ್ಕಳು ಇದನ್ನು ಆಟದಂತೆ ಮಾಡಬಹುದು: ಬಸ್ಸು ಎಡಕ್ಕೆ ತಿರುಗಿದರೆ ತಲೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ.

ಆಕಳಿಕೆ, ಬಾಯಲ್ಲಿ ನೀರೂರುವುದು, ಮುಖ ಬಿಳಿಚುವುದು, ತಣ್ಣನೆಯ ಬೆವರು: ಇವು ಮುನ್ಸೂಚನೆಗಳು. ಆಗ ಕಿಟಕಿ ತೆಗೆದು ಗಾಳಿ ಆಡುವಂತೆ ಮಾಡಬೇಕು. ತಲೆಯನ್ನೋ ಕೈಯನ್ನೋ ಹೊರಹಾಕದಂತೆ ಹಿರಿಯರು ಕಾವಲಿರಬೇಕು. ಉಸಿರನ್ನು ನಿಧಾನವಾಗಿ, ಒಂದೇ ಲಯದಲ್ಲಿ ಎಳೆದು ಬಿಡುವುದರಿಂದ ವಾಕರಿಕೆ ಏರುವುದು ತಡವಾಗುತ್ತದೆ ಎಂದು ಲಂಡನ್ನಿನ ಸಂಶೋಧಕರು 2003ರಲ್ಲಿ ವರದಿ ಮಾಡಿದರು. ಮನಸ್ಸಿಗೆ ಹಿತವಾದ ಸಂಗೀತವೂ ಸಹಾಯ ಮಾಡಿತಂತೆ. ಬಸ್ಸಿನಲ್ಲಿ ಮಕ್ಕಳು ಹಾಡು ಹೇಳುತ್ತಾ ಹೋಗುವ ಹಳೆಯ ರೂಢಿಯಲ್ಲಿ ತಿರುಳಿಲ್ಲದೆ ಇಲ್ಲ.

ಅಡುಗೆಮನೆಯ ಮದ್ದುಗಳು

ದಾರಿಹೋಕರ ಆರೋಗ್ಯದ ಚಿಂತೆ ಈ ಸೀಮೆಗೆ ಹೊಸದಲ್ಲ. ಬ್ರಹ್ಮಗಿರಿಯ ಶಾಸನ ಬರೆಸಿದ ಅಶೋಕನೇ ತನ್ನ ಎರಡನೆಯ ಶಿಲಾಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧಿ ಗಿಡಮೂಲಿಕೆ ನೆಡಿಸಿದ್ದು, ದಾರಿಗಳಲ್ಲಿ ಬಾವಿ ತೋಡಿಸಿ ಮರ ಬೆಳೆಸಿದ್ದನ್ನು ಹೇಳಿಕೊಂಡಿದ್ದಾನೆ. ಅದರ ಒಂದು ಪ್ರತಿ ನೆರೆಯ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲಿದೆ. ಅಜ್ಜಿಯರ ಸೆರಗಿನ ತುದಿಯ ಗಂಟಿನಲ್ಲಿದ್ದ ಶುಂಠಿ, ಲವಂಗಗಳಿಗೂ ಇಂಥದೇ ಹಳೆಯ ನಂಬಿಕೆಯ ಬಲವಿದೆ. ಆದರೆ ಹಳೆಯದೆಂಬ ಕಾರಣಕ್ಕೇ ಎಲ್ಲವೂ ಒಂದೇ ತೂಕದವಲ್ಲ.

ಇವುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಶುಂಠಿ. 1982ರಲ್ಲಿ ಅಮೆರಿಕದಲ್ಲಿ ಪ್ರಯಾಣದ ವಾಂತಿಗೆ ಬೇಗ ಒಳಗಾಗುವ 36 ವಿದ್ಯಾರ್ಥಿಗಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ನೋಡಿದಾಗ ಶುಂಠಿ ಪುಡಿ ತಿಂದವರು ಔಷಧಿ ನುಂಗಿದವರಿಗಿಂತ ಹೆಚ್ಚು ಹೊತ್ತು ತಡೆದುಕೊಂಡರು. 1988ರಲ್ಲಿ ಡೆನ್ಮಾರ್ಕಿನ 80 ಮಂದಿ ನೌಕಾ ತರಬೇತಿ ಪಡೆಯುವವರ ಮೇಲೆ ಕಡಲಲ್ಲೇ ನಡೆದ ಪರೀಕ್ಷೆಯಲ್ಲಿ ಒಂದು ಗ್ರಾಂ ಶುಂಠಿ ಪುಡಿ ವಾಂತಿಯನ್ನೂ ತಣ್ಣನೆಯ ಬೆವರನ್ನೂ ತಗ್ಗಿಸಿತು. ಆದರೆ 1991ರ ಇನ್ನೊಂದು ಪ್ರಯೋಗದಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಒಟ್ಟಿನಲ್ಲಿ ಹೇಳುವುದಾದರೆ, ಶುಂಠಿ ಒಳಕಿವಿಯ ಜಗಳವನ್ನು ಬಿಡಿಸುವುದಿಲ್ಲ. ಅದು ಜಠರದ ಲಯ ತಪ್ಪಿದ ಕುಣಿತವನ್ನು ಸಮಾಧಾನಪಡಿಸುತ್ತದೆ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ.

ಬಳಸುವ ಕ್ರಮ ಸರಳ. ದೊಡ್ಡವರು ಸುಮಾರು ಅರ್ಧ ಟೀ ಚಮಚ ಒಣಶುಂಠಿ ಪುಡಿಯನ್ನು ಬೆಲ್ಲದೊಂದಿಗೆ ಉಂಡೆ ಮಾಡಿ ಹೊರಡುವ ಅರ್ಧ ಗಂಟೆ ಮೊದಲು ತಿನ್ನಬಹುದು. ಮಕ್ಕಳಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಖಾರ ತಡೆಯದಿದ್ದರೆ ಹಸಿಶುಂಠಿಯ ತೆಳು ಚೂರಿಗೆ ಉಪ್ಪು ಸವರಿ ಚೀಪಲು ಕೊಡಬಹುದು, ಇಲ್ಲವೇ ಅಂಗಡಿಯ ಶುಂಠಿ ಪೆಪ್ಪರಮಿಂಟು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರು ಮಾತ್ರ ವೈದ್ಯರನ್ನು ಕೇಳಿ ತಿನ್ನುವುದು ಕ್ಷೇಮ.

ನಿಂಬೆಹಣ್ಣು, ಏಲಕ್ಕಿ, ಲವಂಗ, ಜೀರಿಗೆ, ಪುದೀನ ಇವುಗಳ ಬಗ್ಗೆ ಶುಂಠಿಯಷ್ಟು ಪರೀಕ್ಷೆ ನಡೆದಿಲ್ಲ. ಆದರೆ ಡೀಸೆಲ್ ಹೊಗೆ, ಬಿಸಿಯಾದ ರೆಕ್ಸಿನ್, ಪಕ್ಕದವರ ಕರಿದ ತಿಂಡಿ ಇವುಗಳ ವಾಸನೆ ವಾಕರಿಕೆಯನ್ನು ಕೆರಳಿಸುವುದು ಎಲ್ಲರ ಅನುಭವ. ಮೂಗಿನ ಬಳಿ ಗೀರಿದ ನಿಂಬೆಹಣ್ಣು ಹಿಡಿದರೆ ಆ ವಾಸನೆ ಮರೆಯಾಗುತ್ತದೆ. ಏಲಕ್ಕಿ ಜಗಿದರೆ ಬಾಯಿ ಹಗುರಾಗುತ್ತದೆ. ಖರ್ಚು ಕಡಿಮೆ, ಕೇಡಿಲ್ಲ. ಚೀನೀ ಪದ್ಧತಿಯಂತೆ ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಿನಷ್ಟು ದೂರದಲ್ಲಿ, ಕೈಯ ಒಳಮೈಯ ಎರಡು ಸ್ನಾಯುರಜ್ಜುಗಳ ನಡುವೆ, ಹೆಬ್ಬೆರಳಿನಿಂದ ಒತ್ತುವುದೂ ಹೀಗೆಯೇ. ಪರೀಕ್ಷೆಗಳ ಫಲಿತಾಂಶ ಮಿಶ್ರ, ಅಪಾಯವಿಲ್ಲ.

ಊಟದ ವಿಷಯದಲ್ಲಿ ಪೋಷಕರು ಎರಡು ತಪ್ಪು ಮಾಡುತ್ತಾರೆ. ಕೆಲವರು ವಾಂತಿಯಾಗುತ್ತದೆಂದು ಮಗುವನ್ನು ಉಪವಾಸ ಕರೆದೊಯ್ಯುತ್ತಾರೆ. ಖಾಲಿ ಹೊಟ್ಟೆಯೂ ವಾಕರಿಕೆಗೆ ದಾರಿ. ಇನ್ನು ಕೆಲವರು ದಾರಿಯುದ್ದಕ್ಕೂ ಮಿರ್ಚಿ ಬಜ್ಜಿ, ಸಿಹಿತಿಂಡಿ ತಿನ್ನಿಸುತ್ತಾರೆ. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ, ದಾರಿಯಲ್ಲಿ ಒಂದೊಂದು ಹಿಡಿ ಮಂಡಕ್ಕಿ, ಗುಟುಕು ಗುಟುಕಾಗಿ ನೀರು: ಇಷ್ಟು ಹಿತ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದ ಚಾರ್ಲ್ಸ್ ಡಾರ್ವಿನ್ ಯಾನದುದ್ದಕ್ಕೂ ಕಡಲ ವಾಂತಿಯಿಂದ ನರಳಿದ. ಅವನ ಹೊಟ್ಟೆ ಒಪ್ಪುತ್ತಿದ್ದದ್ದು ಒಣದ್ರಾಕ್ಷಿ, ಬಿಸ್ಕತ್ತು. ವಾಂತಿಯಾಗುತ್ತದೆಂದು ಅವನು ಮನೆಯಲ್ಲೇ ಉಳಿದಿದ್ದರೆ ಜೀವವಿಜ್ಞಾನದ ಪಠ್ಯಪುಸ್ತಕಗಳು ಬೇರೆಯೇ ಆಗಿರುತ್ತಿದ್ದವು.

ಮಾತೂ ಒಂದು ಮದ್ದು

ಸೀಟಿನ ಮೇಲೆ ಪತ್ರಿಕೆ ಹಾಸಿ ಕೂತರೆ ವಾಂತಿಯಾಗದು ಎಂಬ ನಂಬಿಕೆ ಹಲವು ಕಡೆ ಇದೆ. ಕಾಗದಕ್ಕೆ ಒಳಕಿವಿಯ ಮೇಲೆ ಯಾವ ಹತೋಟಿಯೂ ಇಲ್ಲ. ಆದರೂ ಕೆಲವರಿಗೆ ಗುಣ ಕಂಡಿದ್ದರೆ ಅದು ನಂಬಿಕೆಯ ಗುಣ. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. 1995ರಲ್ಲಿ ಇಸ್ರೇಲಿನ ಡೋವ್ ಈಡನ್ ಮತ್ತು ಯಾಕೋವ್ ಜುಕ್ 25 ಮಂದಿ ನೌಕಾ ಕೆಡೆಟ್‌ಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ, 'ನಿಮಗೆ ಕಡಲ ವಾಂತಿ ಬರುವ ಸಾಧ್ಯತೆ ಕಡಿಮೆ, ಬಂದರೂ ನಿಮ್ಮ ಕೆಲಸಕ್ಕೆ ಅಡ್ಡಿಯಾಗದು' ಎಂಬರ್ಥದ ಮಾತು ಹೇಳಿ ಕಳಿಸಿದರು. ಉಳಿದವರಿಗೆ ಹಾಗೆ ಹೇಳಲಿಲ್ಲ. ಭರವಸೆಯ ಮಾತು ಕೇಳಿದವರಿಗೆ ವಾಂತಿ ಕಡಿಮೆಯಾಯಿತು, ಕೆಲಸವೂ ಚೆನ್ನಾಗಿ ನಡೆಯಿತು.

ಇದನ್ನು ಮನೆಯ ಮಾತಿಗೆ ತಿರುಗಿಸಿ ನೋಡಿದರೆ ಬೆಚ್ಚಿಬೀಳುವಂತಿದೆ. 'ಇವಳು ಖಂಡಿತ ವಾಂತಿ ಮಾಡ್ತಾಳೆ, ಕವರ್ ಇಟ್ಕೊಳ್ಳಿ' ಎಂದು ಬಸ್ಸು ಹತ್ತುವ ಮೊದಲೇ ಎಲ್ಲರೆದುರು ಸಾರುವ ತಾಯಿ ಅರ್ಧ ವಾಂತಿಯನ್ನು ತಾನೇ ತರಿಸಿದಂತೆ. ಕವರ್ ಇಟ್ಟುಕೊಳ್ಳುವುದು ತಪ್ಪಲ್ಲ, ಸದ್ದು ಮಾಡದೆ ಇಟ್ಟುಕೊಳ್ಳಬೇಕು.

ಬ್ರಹ್ಮಗಿರಿಯ ಬುಡದ ಹುಡುಗಿಯ ವಿಷಯದಲ್ಲಿ ಟೀಚರ್ ಮಾಡಿದ್ದು ಇಷ್ಟೇ. ಪ್ರವಾಸಕ್ಕೆ ಒಂದು ತಿಂಗಳು ಇರುವಾಗ ಅವಳ ತಂದೆಗೆ ಹೇಳಿ, ಭಾನುವಾರಗಳಂದು ಹತ್ತಿರದ ಊರಿಗೆ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲೇ ಕೂರಿಸಿ ಕರೆದೊಯ್ಯುವಂತೆ ಮಾಡಿದರು. ಅಭ್ಯಾಸದಿಂದ ಮಿದುಳು ಹೊಸ ಚಲನೆಗೆ ಒಗ್ಗುತ್ತದೆ. ನಾವಿಕರೂ ಎರಡು ಮೂರು ದಿನಗಳಲ್ಲಿ ಕಡಲಿಗೆ ಒಗ್ಗುವುದು ಹೀಗೆಯೇ. ತರಗತಿಯಲ್ಲಿ ಅರಿಶಿನದ ಬಟ್ಟಲಿನ ಪ್ರಯೋಗವನ್ನು ಎಲ್ಲ ಮಕ್ಕಳಿಂದ ಮಾಡಿಸಿ, ಕಿವುಡರ ಹಡಗಿನ ಕತೆ ಹೇಳಿದರು. ಯಾರನ್ನೂ ಹೆಸರಿಸಲಿಲ್ಲ. ಬಸ್ಸು ಆಗಿಬರದ ಮೂವರಿಗೆ ಮುಂದಿನ ಸಾಲು ಗೊತ್ತುಮಾಡಿದರು.

ಅಜ್ಜಿ ಶುಂಠಿ ಬೆಲ್ಲದ ಉಂಡೆ ಕಟ್ಟಿಕೊಟ್ಟಳು. ಕೊಟ್ಟಿಗೆಹಾರದವರೆಗೆ ಏನೂ ಆಗಲಿಲ್ಲ. ಚಾರ್ಮಾಡಿಯ ಇಳಿಜಾರಿನಲ್ಲಿ ಒಮ್ಮೆ ವಾಂತಿಯಾಯಿತು. ಟೀಚರ್ ಕವರ್ ಹಿಡಿದರು, ಬಾಯಿ ಮುಕ್ಕಳಿಸಲು ನೀರು ಕೊಟ್ಟರು. ಯಾರೂ ನಗಲಿಲ್ಲ. ಮರುದಿನ ಮಲ್ಪೆಯಲ್ಲಿ ಅವಳು ಮೊಣಕಾಲುದ್ದದ ಅಲೆಯಲ್ಲಿ ನಿಂತು ಮೊದಲ ಸಲ ಸಮುದ್ರ ನೋಡಿದಳು. ಮದ್ದು ಪೂರ್ತಿ ಗೆದ್ದಿತೆಂದು ಹೇಳುವಂತಿಲ್ಲ. ಆದರೆ ಒಂದು ವಾಂತಿಗೆ ಹೆದರಿ ಸಮುದ್ರವನ್ನೇ ಬಿಡಬೇಕಾಗಿಲ್ಲ ಎಂಬುದು ಅವಳಿಗೂ ತಿಳಿಯಿತು, ಹಿಂದಿನ ಸಾಲಿನವರಿಗೂ ತಿಳಿಯಿತು.

ವೈದ್ಯರ ಬಳಿ ಹೋಗುವುದು ಯಾವಾಗ?

ಈ ಉಪಾಯಗಳು ಸಾಲದ ಮಕ್ಕಳೂ ಇದ್ದಾರೆ. ಅವರಿಗೆ ಮಾತ್ರೆಗಳಿವೆ. ಇಂಥ ಒಂದು ಮಾತ್ರೆ ಬೆಳಕಿಗೆ ಬಂದ ಬಗೆಯೂ ಸ್ವಾರಸ್ಯಕರ. 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೈಮೇಲಿನ ಪಿತ್ತದ ಗಂಧೆಗೆಂದು ಒಬ್ಬ ಮಹಿಳೆಗೆ ಡೈಮೆನ್‌ಹೈಡ್ರಿನೇಟ್ ಕೊಟ್ಟರು. ಟ್ರಾಮಿನಲ್ಲಿ ಬರುವಾಗ ಸದಾ ಆಗುತ್ತಿದ್ದ ವಾಂತಿ ನಿಂತಿದೆಯೆಂದು ಆಕೆಯೇ ವೈದ್ಯರಿಗೆ ತಿಳಿಸಿದಳು. ಇಂಥ ಮಾತ್ರೆಗಳನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಇವು ನಿದ್ದೆ ಬರಿಸುತ್ತವೆ. ವಯಸ್ಸಿಗೆ ತಕ್ಕಂತೆ ಪ್ರಮಾಣ ಬೇರೆ. ತೀರಾ ಸಣ್ಣ ಮಕ್ಕಳಿಗೆ ಕೆಲವು ಮಾತ್ರೆ ಕೊಡುವಂತೆಯೇ ಇಲ್ಲ. ಆದ್ದರಿಂದ ವೈದ್ಯರನ್ನು ಕೇಳದೆ ದೊಡ್ಡವರ ಮಾತ್ರೆಯನ್ನು ಮುರಿದು ಮಕ್ಕಳಿಗೆ ಕೊಡಬಾರದು.

ಬಸ್ಸು ಇಳಿದು ಕೆಲವು ಗಂಟೆಗಳಾದರೂ ವಾಂತಿ ನಿಲ್ಲದಿದ್ದರೆ, ಜ್ವರ, ಬಿಡದ ತಲೆನೋವು, ಹೊಟ್ಟೆನೋವು ಇದ್ದರೆ, ಪ್ರಯಾಣವಿಲ್ಲದಾಗಲೂ ತಲೆ ಸುತ್ತುತ್ತಿದ್ದರೆ ಅದು ಬಸ್ಸಿನ ವಾಂತಿಯಲ್ಲ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಪದೇ ಪದೇ ವಾಂತಿಯಾದ ಮಗುವಿಗೆ ಒಆರ್‌ಎಸ್ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಬೇಕು.

ಪ್ರವಾಸದ ತಯಾರಿಯಲ್ಲಿ ಶಾಲೆಗಳು ಅಡುಗೆಯವರನ್ನು ಗೊತ್ತುಮಾಡುತ್ತವೆ, ತಂಗುವ ಛತ್ರ ನೋಡುತ್ತವೆ, ಬಸ್ಸಿನ ಬಾಡಿಗೆ ಚೌಕಾಸಿ ಮಾಡುತ್ತವೆ. ಅದರ ಜೊತೆಗೆ ಮುಂದಿನ ಎರಡು ಸಾಲನ್ನು ಬಸ್ಸು ಆಗಿಬರದ ಮಕ್ಕಳಿಗೆ ಮೀಸಲಿಟ್ಟರೆ, ಘಾಟಿಯ ಮೇಲೆ ಹತ್ತು ನಿಮಿಷ ಬಸ್ಸು ನಿಲ್ಲಿಸಿದರೆ, ಚಾಲಕರಿಗೆ ತಿರುವುಗಳಲ್ಲಿ ನಿಧಾನವಾಗಿ ಹೋಗುವಂತೆ ಕೇಳಿಕೊಂಡರೆ ಅಷ್ಟೇ ಸಾಕು. ಮುಂದಿನ ಸಾಲು ಸಾಮಾನ್ಯವಾಗಿ ಗಟ್ಟಿ ದನಿಯ ಮಕ್ಕಳ ಪಾಲಾಗುತ್ತದೆ. ಅದು ನಿಜವಾಗಿ ಬೇಕಾಗಿರುವುದು ಬಾಯಿಬಿಟ್ಟು ಕೇಳಲಾರದ ಮಕ್ಕಳಿಗೆ.